ನಮ್ಮ ಗ್ರಂಥಾಲಯ ಸಾಫ್ಟ್‌ವೇರ್‌ಗೆ ಎಷ್ಟು ಡೇಟಾಬೇಸ್ ಬೇಕು? ಮೈಎಸ್‌ಕ್ಯುಎಲ್ ಬಿಡೋಣವಾ?

ಮೇಂಟೇನರ್

ಎಲ್ಲರಿಗೂ ನಮಸ್ಕಾರ. ಈ ವಿಷಯ ಬಗ್ ರಿಪೋರ್ಟ್‌ಗಳ ಕೆಳಗೆ, ಪ್ಯಾಚ್‌ಗಳ ಕೆಳಗೆ ಚೂರುಚೂರಾಗಿ ಬರುತ್ತಲೇ ಇದೆ. ಒಂದೇ ಕಡೆ ಮಾತಾಡಿ ತೀರ್ಮಾನಕ್ಕೆ ಬರೋಣ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇದು ಶಾಲೆ, ಹಳ್ಳಿ ಗ್ರಂಥಾಲಯ, ಸಣ್ಣ ಕಾಲೇಜುಗಳಿಗಾಗಿ ಮಾಡಿದ ಸಾಫ್ಟ್‌ವೇರ್. ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಮೇಲೆ ಕಟ್ಟಿದ್ದು. ಎಸ್‌ಕ್ಯುಲೈಟ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಅನ್ನುವ ಮೂರು ಡೇಟಾಬೇಸ್‌ಗಳಲ್ಲೂ ನಡೆಯುತ್ತದೆ ಅಂತ ನಮ್ಮ ಇನ್‌ಸ್ಟಾಲ್ ಪುಟ ಹೇಳುತ್ತದೆ. ಈಗ ಒಂದು ಕಾಲೇಜಿನವರು ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಕೂಡ ಸೇರಿಸಿ ಅಂತ ಕೇಳಿದ್ದಾರೆ. ಅವರ ಕ್ಯಾಂಪಸ್‌ನಲ್ಲಿ ಅದರ ಲೈಸೆನ್ಸ್ ಆಗಲೇ ಇದೆ, ಬೇರೆಯದನ್ನು ಹಾಕಲು ಅಲ್ಲಿನ ಐಟಿ ವಿಭಾಗ ಒಪ್ಪುವುದಿಲ್ಲವಂತೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನನ್ನ ಪ್ರಸ್ತಾಪ ಇದಕ್ಕೆ ಉಲ್ಟಾ. ನಾಲ್ಕನೆಯದನ್ನು ಸೇರಿಸುವುದು ಬೇಡ, ಮೂರನ್ನು ಎರಡಕ್ಕೆ ಇಳಿಸೋಣ. ಒಂದೇ ಕಂಪ್ಯೂಟರ್ ಇರುವ ಕಡೆಗೆ ಎಸ್‌ಕ್ಯುಲೈಟ್, ಸರ್ವರ್ ಇರುವ ಕಡೆಗೆ ಪೋಸ್ಟ್‌ಗ್ರೆಸ್. ಮೈಎಸ್‌ಕ್ಯುಎಲ್ ಬಳಸುವವರಿಗೆ ಸಾಕಷ್ಟು ಮುಂಚೆಯೇ ತಿಳಿಸಿ, ಹೊರಗೆ ಬರುವ ದಾರಿ ಮಾಡಿಕೊಟ್ಟು ಅದನ್ನು ಬಿಡೋಣ.

ಕಾರಣ ಹೇಳುತ್ತೇನೆ. ಈ ಪ್ರಾಜೆಕ್ಟ್‌ನಲ್ಲಿ ಕೋಡ್ ಬರೆಯುವವರು ಯಾರೂ ದಿನನಿತ್ಯ ಮೈಎಸ್‌ಕ್ಯುಎಲ್ ಬಳಸುತ್ತಿಲ್ಲ. ನಾನು ಪೋಸ್ಟ್‌ಗ್ರೆಸ್, ಉಳಿದವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯುಲೈಟ್. ಟೆಸ್ಟ್‌ಗಳು ಮೂರರ ಮೇಲೂ ಓಡುತ್ತವೆ, ನಿಜ. ಆದರೆ ಟೆಸ್ಟ್ ಪಾಸಾಗುವುದು ಬೇರೆ, ಹತ್ತು ಸಾವಿರ ಪುಸ್ತಕ ಇರುವ ಲೈಬ್ರರಿಯಲ್ಲಿ ಸೋಮವಾರ ಬೆಳಿಗ್ಗೆ ಸಾಲುಗಟ್ಟಿ ನಿಂತ ಮಕ್ಕಳಿಗೆ ಪುಸ್ತಕ ಕೊಡುವುದು ಬೇರೆ. ಅಲ್ಲಿ ತೊಂದರೆ ಬಂದರೆ ಆ ಡೇಟಾಬೇಸ್‌ನ ಸ್ವಭಾವ ಗೊತ್ತಿರುವ ಒಬ್ಬರು ನಮ್ಮಲ್ಲಿ ಇರಬೇಕು. ಹಾಗೆ ಒಬ್ಬರೂ ಇಲ್ಲದಿರುವಾಗ "ಬೆಂಬಲ ಇದೆ" ಅಂತ ಬರೆಯುವುದು ಬಳಕೆದಾರರಿಗೆ ನಾವು ಮಾಡುವ ಅನ್ಯಾಯ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಬೇರೆ ಅಭಿಪ್ರಾಯ ಇದ್ದರೆ ಧಾರಾಳವಾಗಿ ಬರೆಯಿರಿ. ಮೈಎಸ್‌ಕ್ಯುಎಲ್‌ನಲ್ಲಿ ನಡೆಸುತ್ತಿರುವವರು ದಯವಿಟ್ಟು ಸುಮ್ಮನೆ ಓದಿಕೊಂಡು ಹೋಗಬೇಡಿ, ನಿಮ್ಮ ಮಾತೇ ಇಲ್ಲಿ ಮುಖ್ಯ.

ಹೊಸ_ಡೆವ್

ನಾನು ಈಚೆಗೆ ಸೇರಿದವನು, ಅರ್ಥವಾಗದ್ದನ್ನು ಕೇಳುತ್ತೇನೆ. ಜ್ಯಾಂಗೋ ಬಳಸುವುದೇ ಇದಕ್ಕಲ್ವಾ? ನಾವು ಪೈಥಾನ್‌ನಲ್ಲಿ ಮಾಡೆಲ್ ಬರೆಯುತ್ತೇವೆ, ಡೇಟಾಬೇಸ್‌ಗೆ ಕೊಡಬೇಕಾದ ಎಸ್‌ಕ್ಯುಎಲ್ ಆಜ್ಞೆಗಳನ್ನು ಅದೇ ಬರೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್, ಮರಿಯಾಡಿಬಿ (ಮೈಎಸ್‌ಕ್ಯುಎಲ್‌ನಿಂದ ಕವಲೊಡೆದದ್ದು), ಮೈಎಸ್‌ಕ್ಯುಎಲ್, ಒರಾಕಲ್, ಎಸ್‌ಕ್ಯುಲೈಟ್ ಐದೂ ಅದರ ಜೊತೆಗೇ ಬರುತ್ತವೆ. ಎಸ್‌ಕ್ಯುಎಲ್ ಸರ್ವರ್‌ಗೆ ಮೈಕ್ರೋಸಾಫ್ಟ್‌ನವರೇ ಒಂದು ಬ್ಯಾಕೆಂಡ್ (ಜ್ಯಾಂಗೋಗೆ ಜೋಡಿಸುವ ಕೋಡ್) ಮಾಡಿ ಇಟ್ಟಿದ್ದಾರೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಎಂಜಿನ್ ಹೆಸರು ಬದಲಿಸಿದರೆ ಮುಗಿಯಿತಲ್ಲ, ಹಾಗಿದ್ದಾಗ ಇಷ್ಟು ಚರ್ಚೆ ಯಾಕೆ ಅಂತ.

ಡಿಬಿಎ_ಹುಬ್ಬಳ್ಳಿ

ಒಳ್ಳೆ ಪ್ರಶ್ನೆ ಇದು, ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಓಆರ್‌ಎಂ, ಅಂದರೆ ಪೈಥಾನ್ ಮಾಡೆಲ್‌ನಿಂದ ಎಸ್‌ಕ್ಯುಎಲ್ ಬರೆಯುವ ಜ್ಯಾಂಗೋದ ಭಾಗ, ಬರವಣಿಗೆಯ ವ್ಯತ್ಯಾಸವನ್ನು ಮುಚ್ಚುತ್ತದೆ. ನಡವಳಿಕೆಯ ವ್ಯತ್ಯಾಸವನ್ನು ಪೂರ್ತಿ ಮುಚ್ಚಲು ಅದರಿಂದ ಆಗುವುದಿಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲೇ ಇರುವುದನ್ನು ತೋರಿಸುತ್ತೇನೆ.

ಸದಸ್ಯರ ಕೋಡ್ ತಗೊಳ್ಳಿ, ಅದು ಯೂನಿಕ್ ಆಗಿರಬೇಕು, ಅಂದರೆ ಇಬ್ಬರಿಗೆ ಒಂದೇ ಕೋಡ್ ಇರಬಾರದು. ಒಬ್ಬರಿಗೆ ದೊಡ್ಡಕ್ಷರದಲ್ಲಿ ಕೋಡ್ ಇದೆ, ಇನ್ನೊಬ್ಬರಿಗೆ ಅದೇ ಕೋಡ್ ಸಣ್ಣಕ್ಷರದಲ್ಲಿ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಲೈಟ್ ಇವನ್ನು ಎರಡು ಬೇರೆ ಕೋಡ್ ಅಂತ ನೋಡುತ್ತವೆ. ಮೈಎಸ್‌ಕ್ಯುಎಲ್ ತನ್ನ ಡೀಫಾಲ್ಟ್ ಕೊಲೇಶನ್‌ನಲ್ಲಿ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ) ಎರಡೂ ಒಂದೇ ಅಂತ ಹೇಳಿ ಎರಡನೆಯದನ್ನು ತಳ್ಳಿಬಿಡುತ್ತದೆ. ಮಾಡೆಲ್ ಒಂದೇ, ಪೈಥಾನ್ ಕೋಡ್ ಒಂದೇ, ಫಲಿತಾಂಶ ಬೇರೆ.

ಉದ್ದದ ಮಿತಿ ನೋಡಿ. ಇಪ್ಪತ್ತು ಅಕ್ಷರ ಅಂತ ಕಾಲಂಗೆ ಮಿತಿ ಹಾಕಿದ್ದರೂ ಎಸ್‌ಕ್ಯುಲೈಟ್ ಅದನ್ನು ಗಮನಿಸುವುದಿಲ್ಲ, ಇನ್ನೂರು ಅಕ್ಷರ ಕೊಟ್ಟರೂ ಸುಮ್ನೆ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೆ ನಡೆದ ಮೇಲೆ ಆ ಶಾಲೆ ಪೋಸ್ಟ್‌ಗ್ರೆಸ್‌ಗೆ ಹೋಗಲು ಹೊರಟರೆ ಡೇಟಾ ಒಳಗೇ ಹೋಗುವುದಿಲ್ಲ.

ಇನ್ನು ವಾಪಸ್ ಬರಬೇಕಾದ ಪುಸ್ತಕಗಳ ಪಟ್ಟಿ. ವಾಪಸ್ ಕೊಟ್ಟ ದಿನಾಂಕದ ಮೇಲೆ ವಿಂಗಡಿಸುತ್ತೇವೆ. ಇನ್ನೂ ಕೊಡದಿದ್ದರೆ ಅಲ್ಲಿ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು) ಇರುತ್ತದೆ. ಏರಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ನಲ್‌ಗಳನ್ನು ಕೊನೆಗೆ ಇಡುತ್ತದೆ, ಮೈಎಸ್‌ಕ್ಯುಎಲ್ ಮತ್ತು ಎಸ್‌ಕ್ಯುಲೈಟ್ ಮೊದಲಿಗೆ ಇಡುತ್ತವೆ. ಜ್ಯಾಂಗೋದಲ್ಲಿ ನಲ್ ಎಲ್ಲಿ ಬರಬೇಕು ಅಂತ ಹೇಳಲು ಬರುತ್ತದೆ, 1.11ರಿಂದಲೂ ಇದೆ. ಆದರೆ ಡೇಟಾಬೇಸ್‌ಗೆ ಕೇಳುವ ಪ್ರತಿ ಕ್ವೆರಿಯಲ್ಲೂ (ಪ್ರಶ್ನೆಯಲ್ಲೂ) ಅದು ನೆನಪಿರಬೇಕಲ್ಲ. ಪುಟ ಒಂದರಲ್ಲಿ ಇಪ್ಪತ್ತು ಹೆಸರು ತೋರಿಸುವಾಗ ನಲ್ ಎಲ್ಲಿದೆ ಅನ್ನುವುದರ ಮೇಲೆ ಲೈಬ್ರರಿಯನ್‌ಗೆ ಕಾಣುವುದೇ ಬೇರೆಯಾಗುತ್ತದೆ.

ಕೊನೆಯ ಪ್ರತಿ ಇಬ್ಬರಿಗೆ ಹೋಗಬಾರದು ಅಂತ ನಾವು ಸಾಲನ್ನು ಲಾಕ್ ಮಾಡುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿದ್ದೇವೆ. ಎಸ್‌ಕ್ಯುಲೈಟ್‌ನಲ್ಲಿ ಅದಕ್ಕೆ ಪರಿಣಾಮವೇ ಇಲ್ಲ. ಅಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಲು ಸಾಧ್ಯ, ಹಾಗಾಗಿ ರಕ್ಷಣೆ ಬೇರೆ ರೀತಿಯಲ್ಲಿ ಸಿಗುತ್ತದೆ, ಆದರೆ ಇಬ್ಬರು ಒಟ್ಟಿಗೆ ಒತ್ತಿದಾಗ "ಡೇಟಾಬೇಸ್ ಲಾಕ್ ಆಗಿದೆ" ಅನ್ನುವ ಎರರ್ ಬರಬಹುದು. ಜ್ಯಾಂಗೋ 5.1ರಲ್ಲಿ ಇದಕ್ಕಾಗಿಯೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಕಟ್ಟು) ಹೇಗೆ ಶುರುವಾಗಬೇಕು ಅನ್ನುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಅದನ್ನು "ಇಮ್ಮೀಡಿಯೇಟ್" ಮಾಡಿ, ಕಾಯುವ ಸಮಯ ಸ್ವಲ್ಪ ಹೆಚ್ಚಿಸಿದರೆ ಸಣ್ಣ ಲೈಬ್ರರಿಗೆ ಸಾಕು.

ನೇರವಾಗಿ ಎಸ್‌ಕ್ಯುಎಲ್ ಬರೆದ ಜಾಗಗಳಂತೂ ಬೇರೆಯೇ ಕಥೆ. ನಮ್ಮ ತಿಂಗಳ ವರದಿಯಲ್ಲಿ ಸರಾಸರಿ ತೆಗೆಯಲು ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸುತ್ತೇವೆ. ಐದನ್ನು ಎರಡರಿಂದ ಭಾಗಿಸಿದರೆ ಮೈಎಸ್‌ಕ್ಯುಎಲ್ ಎರಡೂವರೆ ಅನ್ನುತ್ತದೆ, ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಲೈಟ್ ಎರಡು ಅನ್ನುತ್ತವೆ. ಎರರ್ ಬರುವುದಿಲ್ಲ, ಅಂಕಿ ಮಾತ್ರ ತಪ್ಪಾಗಿರುತ್ತದೆ. ಇಂಥದ್ದೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ. ಸಿಎಸ್‌ವಿ (ಸಾಲುಸಾಲಾಗಿ ಬರೆದ ಪಟ್ಟಿಯ ಫೈಲ್) ಆಮದು ಮಾಡುವ ಕೋಡ್‌ನಲ್ಲಿ ಒಂದು ಸಾಲು ತಪ್ಪಿದ್ದರೆ ಅದನ್ನು ಬಿಟ್ಟು ಮುಂದೆ ಹೋಗು ಅಂತ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಮುಂದೆ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ನಿಂತುಬಿಡುತ್ತದೆ, ನಡುನಡುವೆ ಸೇವ್‌ಪಾಯಿಂಟ್ (ಎರರ್ ಬಂದರೆ ಅಲ್ಲಿಗೆ ಹಿಂದಿರುಗುವ ಗುರುತು) ಹಾಕಬೇಕು.

ಈಗ ಹೇಳಿ, ಎಸ್‌ಕ್ಯುಎಲ್ ಸರ್ವರ್ ಸೇರಿಸಿದರೆ ಇದರ ಪ್ರತಿಯೊಂದಕ್ಕೂ ನಾಲ್ಕನೇ ಉತ್ತರ ಹುಡುಕುವವರು ಯಾರು?

ಹೊಸ_ಡೆವ್

ಅರ್ಥವಾಯಿತು, ಧನ್ಯವಾದ. ಭಾಗಾಕಾರದ್ದು ನನಗೆ ಗೊತ್ತೇ ಇರಲಿಲ್ಲ. ವರದಿಯ ಕ್ವೆರಿಗಳನ್ನೆಲ್ಲ ಒಂದು ಸಲ ನೋಡಿ ಓಆರ್‌ಎಂಗೆ ಬದಲಿಸುವ ಕೆಲಸ ನಾನು ತಗೊಳ್ಳಲಾ?

ಮೇಂಟೇನರ್

ಖಂಡಿತ ತಗೊಳ್ಳಿ. ಮೈಎಸ್‌ಕ್ಯುಎಲ್ ಇರಲಿ ಬಿಡಲಿ, ಅದು ಆಗಲೇಬೇಕಾದ ಕೆಲಸ.

ಮೂಡಲ್_ಅಡ್ಮಿನ್

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂಡಲ್ (ಆನ್‌ಲೈನ್ ಪಾಠಗಳ ಸಾಫ್ಟ್‌ವೇರ್) ನೋಡಿಕೊಳ್ಳುತ್ತೇನೆ. ಈ ವಿಷಯದಲ್ಲಿ ಮೂಡಲ್‌ನ ಇತಿಹಾಸ ಓದಿದರೆ ನಮಗೆ ತುಂಬಾ ಸಿಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶುರುವಿನಲ್ಲಿ ಮೂಡಲ್‌ನ ಪ್ರತಿ ಮಾಡ್ಯೂಲ್‌ಗೂ ಟೇಬಲ್‌ಗಳ ವಿನ್ಯಾಸ ಬರೆದಿಡುವ ಎರಡು ಸ್ಕೀಮಾ ಫೈಲ್ ಇರುತ್ತಿದ್ದವು. ಒಂದು ಮೈಎಸ್‌ಕ್ಯುಎಲ್‌ಗೆ, ಒಂದು ಪೋಸ್ಟ್‌ಗ್ರೆಸ್‌ಗೆ. ಒಂದರಲ್ಲಿ ಕಾಲಂ ಸೇರಿಸಿ ಇನ್ನೊಂದರಲ್ಲಿ ಮರೆತರೆ ಮುಗಿಯಿತು. 2006ರಲ್ಲಿ ಬಂದ 1.7ರಲ್ಲಿ ಅವರು ಎಕ್ಸ್‌ಎಂಎಲ್‌ಡಿಬಿ ತಂದರು. ಟೇಬಲ್ ಹೇಗಿರಬೇಕು ಅಂತ ಒಂದೇ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದರೆ ಸಾಕು, ಆಯಾ ಡೇಟಾಬೇಸ್‌ಗೆ ಬೇಕಾದ ಎಸ್‌ಕ್ಯುಎಲ್ ಅದರಿಂದಲೇ ಹುಟ್ಟುತ್ತದೆ. ಎಸ್‌ಕ್ಯುಎಲ್ ಸರ್ವರ್, ಒರಾಕಲ್ ಎರಡಕ್ಕೂ ಹೋಗಲು ಸಾಧ್ಯವಾಗಿದ್ದೇ ಇದರಿಂದ. ತುಂಬಾ ಒಳ್ಳೆ ಕೆಲಸ ಅದು, ನಾನು ಈಗಲೂ ಮೆಚ್ಚುತ್ತೇನೆ.

ಆದರೆ ಒರಾಕಲ್ ಬಂದ ಮೇಲೆ ಅದರ ಕಟ್ಟುಪಾಡುಗಳು ಎಲ್ಲರ ತಲೆ ಮೇಲೂ ಕೂತವು. ಒರಾಕಲ್‌ನಲ್ಲಿ ಹೆಸರುಗಳು ಮೂವತ್ತು ಅಕ್ಷರ ಮೀರುವಂತಿರಲಿಲ್ಲ. ಹಾಗಾಗಿ ಮೂಡಲ್‌ನಲ್ಲಿ ಟೇಬಲ್ ಹೆಸರಿಗೆ 28 ಅಕ್ಷರದ ಮಿತಿ ಬಂತು, ಪೋಸ್ಟ್‌ಗ್ರೆಸ್ ಮಾತ್ರ ಬಳಸುವ ಪ್ಲಗಿನ್ ಬರೆಯುವವನಿಗೂ ಅದೇ ಮಿತಿ. ಒರಾಕಲ್ ಹೊಸ ಆವೃತ್ತಿಗಳಲ್ಲಿ ಉದ್ದ ಹೆಸರು ಬಿಟ್ಟ ಮೇಲೆ, 2023ರಲ್ಲಿ ಬಂದ 4.3ರಲ್ಲಿ ಅದು 53ಕ್ಕೆ ಏರಿತು. ಒರಾಕಲ್ ಖಾಲಿ ಸ್ಟ್ರಿಂಗ್ ಅನ್ನು ನಲ್ ಅಂತಲೇ ನೋಡುತ್ತದೆ. ಅದನ್ನು ತಪ್ಪಿಸಲು ಮೂಡಲ್‌ನ ಡ್ರೈವರ್ ಖಾಲಿ ಸ್ಟ್ರಿಂಗ್ ಬದಲು ಒಂದು ಸ್ಪೇಸ್ ಇಟ್ಟುಕೊಳ್ಳುತ್ತಿತ್ತು. ಖಾಲಿ ಇದೆಯಾ ಅಂತ ನೋಡಲು ಬೇರೆ ಫಂಕ್ಷನ್, ಎರಡು ಸ್ಟ್ರಿಂಗ್ ಜೋಡಿಸಲು ಬೇರೆ ಫಂಕ್ಷನ್, ಉದ್ದ ಪಠ್ಯ ಹೋಲಿಸಲು ಬೇರೆ ಫಂಕ್ಷನ್. ಪ್ಲಗಿನ್ ಬರೆಯುವ ಪ್ರತಿಯೊಬ್ಬರೂ ಇದನ್ನೆಲ್ಲ ಕಲಿಯಬೇಕಿತ್ತು.

ಕೊನೆಗೆ 2025ರ ಏಪ್ರಿಲ್‌ನಲ್ಲಿ ಬಂದ ಮೂಡಲ್ 5.0ರಲ್ಲಿ ಒರಾಕಲ್ ಬೆಂಬಲ ತೆಗೆದರು. ಸೇರಿಸಿ ಹತ್ತೊಂಬತ್ತು ವರ್ಷ ಹತ್ತಿರವಾಗಿತ್ತು. ಅಷ್ಟು ದೊಡ್ಡ ಪ್ರಾಜೆಕ್ಟ್, ಸಂಬಳ ತೆಗೆದುಕೊಂಡು ಕೆಲಸ ಮಾಡುವ ಡೆವಲಪರ್‌ಗಳಿರುವ ಪ್ರಾಜೆಕ್ಟ್, ಅದಕ್ಕೇ ಇಷ್ಟು ಭಾರವಾಗಿದ್ದು ನಮಗೆ ಹಗುರವಾಗುತ್ತದಾ? ಸೇರಿಸುವುದು ಒಂದು ಸಲದ ಕೆಲಸ, ಹೊರುವುದು ಪ್ರತಿ ರಿಲೀಸ್‌ನಲ್ಲೂ ಇರುವ ಕೆಲಸ. ಎಸ್‌ಕ್ಯುಎಲ್ ಸರ್ವರ್ ಬೇಡ ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಶಾಲೆ_ಲೈಬ್ರರಿ

ಮೈಎಸ್‌ಕ್ಯುಎಲ್ ಬಳಸುವವರು ಮಾತಾಡಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಪ್ರೋಗ್ರಾಮರ್ ಅಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ, ಲೈಬ್ರರಿಯೂ ನನ್ನದೇ ಜವಾಬ್ದಾರಿ.

ನಮ್ಮ ಶಾಲೆಗೆ ಇರುವುದು ಒಂದು ಶೇರ್ಡ್ ಹೋಸ್ಟಿಂಗ್ ಖಾತೆ. ಶಾಲೆಯ ವೆಬ್‌ಸೈಟ್‌ಗಾಗಿ ಹಳೆ ವಿದ್ಯಾರ್ಥಿಗಳು ವರ್ಷ ವರ್ಷ ದುಡ್ಡು ಕಟ್ಟುತ್ತಾರೆ. ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡೇಟಾಬೇಸ್ ಅಂದರೆ ಮೈಎಸ್‌ಕ್ಯುಎಲ್ ಮಾತ್ರ. ಪೋಸ್ಟ್‌ಗ್ರೆಸ್ ಬೇಕು ಅಂದರೆ ದುಬಾರಿ ಪ್ಲಾನ್‌ಗೆ ಹೋಗಿ ಅಂದರು. ಅಷ್ಟು ದುಡ್ಡು ನಾನು ಯಾರ ಹತ್ತಿರ ಕೇಳಲಿ? ನೀವು ಎರಡು ಡೇಟಾಬೇಸ್ ಸಾಕು ಅಂದಾಗ ಅದರಲ್ಲಿ ನಮ್ಮಂಥ ಶಾಲೆಗಳೇ ಬಿಟ್ಟುಹೋಗುತ್ತವೆ ಅನ್ನುವ ಆತಂಕ ನನ್ನದು. ಮಕ್ಕಳು ಯಾವ ಪುಸ್ತಕ ಯಾವಾಗ ಓದಿದರು ಅನ್ನುವ ದಾಖಲೆ ಎಲ್ಲ ಅದರಲ್ಲೇ ಇದೆ. ಅದು ಹೋಗಬಾರದು.

ಇನ್ನೊಂದು. ಹೋದ ಅಪ್‌ಡೇಟ್ ಹಾಕಲು ನೋಡಿದಾಗ ಡೇಟಾಬೇಸ್ ಆವೃತ್ತಿ ಹಳೆಯದು ಅಂತ ಬಂತು. ಹೋಸ್ಟಿಂಗ್‌ನವರನ್ನು ಕೇಳಿದರೆ 5.7 ಇದೆ, ಸದ್ಯಕ್ಕೆ ಬದಲಿಸುವುದಿಲ್ಲ ಅಂದರು.

ಮೇಂಟೇನರ್

ಮೇಡಂ, ಬರೆದಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ದಾಖಲೆ ಹೋಗಲು ಬಿಡುವುದಿಲ್ಲ, ಅದು ಮೊದಲ ಮಾತು.

ನಿಮ್ಮ ಎರಡನೇ ವಿಷಯದಿಂದ ಶುರು ಮಾಡುತ್ತೇನೆ. ಮೈಎಸ್‌ಕ್ಯುಎಲ್ 5.7ಕ್ಕೆ ಅಧಿಕೃತ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿಯಿತು. ಜ್ಯಾಂಗೋ 4.2ರಿಂದ ಅದು ಕೆಲಸ ಮಾಡುವುದಿಲ್ಲ, 8 ಬೇಕು. ಅಂದರೆ ನಾವು ಬೆಂಬಲ ಇದೆ ಅಂತ ಎಷ್ಟು ಹೇಳಿದರೂ ನಿಮಗೆ ಅದು ಈಗಾಗಲೇ ಇಲ್ಲ. ಡೇಟಾಬೇಸ್ ಹೆಸರಿಗೆ ಬೆಂಬಲ ಇರುವುದಿಲ್ಲ, ಆವೃತ್ತಿಗೆ ಇರುತ್ತದೆ. ಮೂರು ಡೇಟಾಬೇಸ್ ಅಂದಾಗ ನಿಜದಲ್ಲಿ ಏಳೆಂಟು ಆವೃತ್ತಿಗಳ ಲೆಕ್ಕ ಅದು, ಮರಿಯಾಡಿಬಿ ಸೇರಿಸಿದರೆ ಇನ್ನೂ ಜಾಸ್ತಿ.

ಈಗ ನಿಮಗೆ ಏನು ಬೇಕು ಅಂತ ನೋಡೋಣ. ಒಂದು ಶಾಲೆ, ಪುಸ್ತಕ ಕೊಡುವವರು ನೀವೊಬ್ಬರೇ, ಹುಡುಕುವ ಮಕ್ಕಳು ಕೆಲವರು. ಇದಕ್ಕೆ ಡೇಟಾಬೇಸ್ ಸರ್ವರ್ ಬೇಕಾಗಿಯೇ ಇಲ್ಲ. ಎಸ್‌ಕ್ಯುಲೈಟ್ ಅಂದರೆ ಒಂದು ಫೈಲ್ ಅಷ್ಟೇ. ನಿಮ್ಮ ಈಗಿನ ಹೋಸ್ಟಿಂಗ್‌ನಲ್ಲೇ ಇಡಬಹುದು, ಹೆಚ್ಚಿಗೆ ದುಡ್ಡಿಲ್ಲ, ಪ್ಲಾನ್ ಬದಲಿಸಬೇಕಿಲ್ಲ. ಓದುವವರು ಎಷ್ಟು ಜನ ಇದ್ದರೂ ತೊಂದರೆಯಿಲ್ಲ, ಬರೆಯುವವರು ಒಂದು ಸಲಕ್ಕೆ ಒಬ್ಬರು. ವಾಲ್ ಮೋಡ್ ಅಂತ ಒಂದಿದೆ, 2010ರಿಂದಲೂ ಇದೆ, ಅದನ್ನು ಹಾಕಿದರೆ ಒಬ್ಬರು ಬರೆಯುತ್ತಿರುವಾಗಲೂ ಉಳಿದವರು ಓದಬಹುದು. ನೆಟ್‌ವರ್ಕ್ ಡ್ರೈವ್ ಮೇಲೆ ಮಾತ್ರ ಅದು ನಡೆಯುವುದಿಲ್ಲ. ನಿಮ್ಮ ಹೋಸ್ಟಿಂಗ್‌ನಲ್ಲಿ ಹೇಗಿದೆ ಅಂತ ನಾನೇ ನೋಡಿ ಹೇಳುತ್ತೇನೆ.

ಎರಡು ವಿಷಯಕ್ಕೆ ಹುಷಾರಾಗಿರಬೇಕು. ಆ ಫೈಲ್ ವೆಬ್‌ಸೈಟ್‌ನ ಸಾರ್ವಜನಿಕ ಫೋಲ್ಡರ್ ಒಳಗೆ ಇರಬಾರದು, ಇದ್ದರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮಕ್ಕಳ ಹೆಸರು ವಿಳಾಸ ಎಲ್ಲ ಇರುತ್ತದೆ. ಮತ್ತೆ, ಸಾಫ್ಟ್‌ವೇರ್ ನಡೆಯುತ್ತಿರುವಾಗ ಆ ಫೈಲ್ ಅನ್ನು ಹಾಗೇ ಕಾಪಿ ಮಾಡಿ ಬ್ಯಾಕಪ್ ಅನ್ನಬಾರದು, ಅರ್ಧ ಬರೆದ ಸ್ಥಿತಿಯಲ್ಲಿ ಸಿಗಬಹುದು. ಎಸ್‌ಕ್ಯುಲೈಟ್‌ನಲ್ಲೇ ಬ್ಯಾಕಪ್ ಆಜ್ಞೆ ಇದೆ. ಅಡ್ಮಿನ್ ಪುಟದಲ್ಲಿ ಒಂದು ಬಟನ್ ಮಾಡಿ ಒತ್ತಿದರೆ ಸರಿಯಾದ ಬ್ಯಾಕಪ್ ಇಳಿಯುವಂತೆ ಮಾಡುತ್ತೇವೆ.

ಶಾಲೆ_ಲೈಬ್ರರಿ

ಈಗ ಸ್ವಲ್ಪ ಸಮಾಧಾನ ಆಯಿತು. ಆದರೆ ಮೈಎಸ್‌ಕ್ಯುಎಲ್‌ನಲ್ಲಿ ಇರುವುದನ್ನು ಆ ಫೈಲ್‌ಗೆ ತರುವುದು ಹೇಗೆ? ನನಗೆ ಕಮಾಂಡ್ ಎಲ್ಲ ಬರುವುದಿಲ್ಲ.

ಎರಡೂ_ಕಡೆ

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ನಾನು ಇನ್ನೊಂದು ಕಡೆಯಿಂದ ಮಾತಾಡುತ್ತೇನೆ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಹಲವು ಡೇಟಾಬೇಸ್‌ನಲ್ಲಿ ನಡೆಯಬೇಕು ಅನ್ನುವ ಕಟ್ಟುಪಾಡು ಕೋಡ್ ಅನ್ನು ಚೊಕ್ಕಟವಾಗಿ ಇಡುತ್ತದೆ. ಮುಂಬೈನಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ (ಕಂಪನಿಗಳ ವ್ಯವಹಾರ, ಲೆಕ್ಕಪತ್ರದ ಸಾಫ್ಟ್‌ವೇರ್) ನೋಡಿ. ತುಂಬಾ ವರ್ಷ ಮರಿಯಾಡಿಬಿ ಒಂದರ ಮೇಲೇ ಬೆಳೆಯಿತು. ಎಲ್ಲ ಕಡೆ ಕೈಯಲ್ಲಿ ಬರೆದ ಎಸ್‌ಕ್ಯುಎಲ್, ಟೇಬಲ್ ಹೆಸರಿಗೆ ಮೈಎಸ್‌ಕ್ಯುಎಲ್ ಶೈಲಿಯ ಬ್ಯಾಕ್‌ಟಿಕ್ (` ಚಿಹ್ನೆ). ಆಮೇಲೆ ಅದರ ಕೆಳಗಿನ ಫ್ರಾಪೆ ಫ್ರೇಮ್‌ವರ್ಕ್‌ನ 12ನೇ ಆವೃತ್ತಿಯಲ್ಲಿ ಪೋಸ್ಟ್‌ಗ್ರೆಸ್ ಸೇರಿಸಿದಾಗ ಆ ಬ್ಯಾಕ್‌ಟಿಕ್‌ಗಳನ್ನು ಓಡುವ ಹೊತ್ತಿನಲ್ಲಿ ಡಬಲ್ ಕೋಟ್‌ಗೆ ಬದಲಿಸುವ ಕೋಡ್ ಹಾಕಬೇಕಾಯಿತು. ಮುಂದೆ 14ರಲ್ಲಿ ಪೈಥಾನ್‌ನಿಂದಲೇ ಕ್ವೆರಿ ಕಟ್ಟುವ ಕ್ವೆರಿ ಬಿಲ್ಡರ್ ಬಂತು. ಫ್ರೇಮ್‌ವರ್ಕ್ ಸಿದ್ಧವಾದರೂ ಮೇಲಿನ ಅಪ್ಲಿಕೇಶನ್‌ನ ಹಳೆ ಕ್ವೆರಿಗಳನ್ನು ಒಂದೊಂದಾಗಿ ಬದಲಿಸುವುದು ಎಷ್ಟು ದೊಡ್ಡ ಕೆಲಸ ಅಂತ ಅದನ್ನು ಮುಟ್ಟಿದವರಿಗೆ ಗೊತ್ತು. ಒಂದೇ ಡೇಟಾಬೇಸ್ ಅಂತ ಕಟ್ಟಿಕೊಂಡರೆ ವಾಪಸ್ ಬರುವ ದಾರಿ ಮುಚ್ಚುತ್ತಾ ಹೋಗುತ್ತದೆ.

ಯಾವುದನ್ನು ಉಳಿಸಬೇಕು ಅನ್ನುವುದೂ ಅಷ್ಟು ಸುಲಭ ಅಲ್ಲ. ಪೋಸ್ಟ್‌ಗ್ರೆಸ್ ಮೇಲು ಅಂತ ಇಲ್ಲಿ ಎಲ್ಲರೂ ಒಪ್ಪಿಕೊಂಡ ಹಾಗಿದೆ. ಘೋಸ್ಟ್ ಬ್ಲಾಗ್ ಸಾಫ್ಟ್‌ವೇರ್‌ನವರು 2017ರಲ್ಲಿ 1.0 ತಂದಾಗ ಕೈಬಿಟ್ಟಿದ್ದು ಪೋಸ್ಟ್‌ಗ್ರೆಸ್ ಅನ್ನೇ. 2022ರ 5.0ರಲ್ಲಿ ನಿಜವಾದ ಸೈಟ್ ನಡೆಸಲು ಮೈಎಸ್‌ಕ್ಯುಎಲ್ 8 ಮಾತ್ರ ಅಂದರು. ವರ್ಡ್‌ಪ್ರೆಸ್ ಇಷ್ಟು ವರ್ಷ ಮೈಎಸ್‌ಕ್ಯುಎಲ್ ಮತ್ತು ಮರಿಯಾಡಿಬಿ ಮೇಲೇ ನಡೆದಿದೆ.

ಡಿಬಿಎ_ಹುಬ್ಬಳ್ಳಿ

ಘೋಸ್ಟ್ ಉದಾಹರಣೆ ಸರಿಯಾಗಿದೆ, ಅದು ನಮ್ಮ ಮಾತಿಗೆ ಬಲವನ್ನೇ ಕೊಡುತ್ತದೆ. ಯಾವುದು ಮೇಲು ಅನ್ನುವುದು ಪ್ರಶ್ನೆಯೇ ಅಲ್ಲ. ಅವರ ತಂಡ ಯಾವುದನ್ನು ದಿನವೂ ಓಡಿಸುತ್ತದೋ ಅದನ್ನು ಇಟ್ಟುಕೊಂಡರು. ಕೋಡ್ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಗಿಟ್‌ಲ್ಯಾಬ್‌ನವರೂ ಅದನ್ನೇ ಮಾಡಿದ್ದು, ಅವರ ವಿಷಯದಲ್ಲಿ ಅದು ಪೋಸ್ಟ್‌ಗ್ರೆಸ್ ಆಗಿತ್ತು, 2019ರ ಜುಲೈನಲ್ಲಿ 12.1 ಬಂದಾಗ ಮೈಎಸ್‌ಕ್ಯುಎಲ್ ತೆಗೆದರು. ಗುಂಪಿನೊಳಗೆ ಗುಂಪು ಮಾಡುವ ಸೌಲಭ್ಯ ಮೈಎಸ್‌ಕ್ಯುಎಲ್ ಬಳಸುವವರಿಗೆ ಕೊಡಲು ಆಗಲೇ ಇಲ್ಲ. ಅದಲ್ಲದೆ, ಷರತ್ತಿನ ಮೇಲೆ ಸಾಲುಗಳನ್ನು ಆರಿಸಿ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಮಾಡುವ ಪಾರ್ಷಿಯಲ್ ಇಂಡೆಕ್ಸ್ ಅದರಲ್ಲಿ ಇರಲಿಲ್ಲ.

ಮೀಡಿಯಾವಿಕಿಯದು ನಡುವಿನ ದಾರಿ. ಕನ್ನಡ ವಿಕಿಪೀಡಿಯ ನಡೆಯುವುದು ಅದರ ಮೇಲೇ, ಅಲ್ಲಿ ಡೇಟಾಬೇಸ್ ಮರಿಯಾಡಿಬಿ. 2019ರ 1.34ರಲ್ಲಿ ಒರಾಕಲ್ ಮತ್ತು ಎಸ್‌ಕ್ಯುಎಲ್ ಸರ್ವರ್ ಬಿಟ್ಟರು, ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಲೈಟ್ ಉಳಿಸಿಕೊಂಡರು.

ಕೋಡ್ ಚೊಕ್ಕಟವಾಗಿರುತ್ತದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಆ ಲಾಭ ಎರಡು ಇದ್ದರೂ ಸಿಗುತ್ತದಲ್ಲ. ಎಸ್‌ಕ್ಯುಲೈಟ್ ಮತ್ತು ಪೋಸ್ಟ್‌ಗ್ರೆಸ್ ಸ್ವಭಾವ ಎಷ್ಟು ಬೇರೆ ಅಂದರೆ ಎರಡರಲ್ಲೂ ಸರಿಯಾಗಿ ಓಡುವ ಕೋಡ್ ಯಾವುದೋ ಒಂದಕ್ಕೆ ಅಂಟಿಕೊಂಡಿರುವುದು ಕಷ್ಟ. ಒಂದು ದೊಡ್ಡ ಸಾಮ್ಯ ಮಾತ್ರ ಇದೆ: ಎರಡರಲ್ಲೂ ಟೇಬಲ್ ಬದಲಾವಣೆ ಟ್ರಾನ್ಸಾಕ್ಷನ್ ಒಳಗೆ ನಡೆಯುತ್ತದೆ. ಮೈಗ್ರೇಶನ್ (ಟೇಬಲ್ ಬದಲಾವಣೆಗಳನ್ನು ಓಡಿಸುವುದು) ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಪ್ರತಿ ಬದಲಾವಣೆಯೂ ತಾನೇ ಕಮಿಟ್ ಆಗುತ್ತದೆ, ಅಂದರೆ ಖಾಯಂ ಆಗಿಬಿಡುತ್ತದೆ. ಅರ್ಧ ಆದರೆ ಅರ್ಧವೇ ಉಳಿಯುತ್ತದೆ, ಮತ್ತೆ ಓಡಿಸಿದರೆ "ಈ ಕಾಲಂ ಆಗಲೇ ಇದೆ" ಅಂತ ನಿಲ್ಲುತ್ತದೆ. ಅದನ್ನು ಕೈಯಿಂದ ಸರಿಮಾಡಲು ಹಳ್ಳಿ ಗ್ರಂಥಾಲಯದಲ್ಲಿ ಯಾರಿದ್ದಾರೆ?

ಕನ್ನಡ_ಅಕಾರಾದಿ

ಯಾರೂ ಎತ್ತದ ಒಂದು ವಿಷಯ. ನಮ್ಮದು ಕನ್ನಡ ಪುಸ್ತಕಗಳ ಸಾಫ್ಟ್‌ವೇರ್. ಅಕಾರಾದಿ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದು ಏನು ಬಂತು?

ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ ಕ್ರಮ ನಮ್ಮ ವರ್ಣಮಾಲೆಯ ಕ್ರಮ ಅಲ್ಲ. ಅಲ್ಲಿ ಲ ಆದ ತಕ್ಷಣ ಳ ಬರುತ್ತದೆ, ಆಮೇಲೆ ವ, ಶ, ಷ, ಸ, ಹ. ನಮ್ಮಲ್ಲಿ ಳ ಇರುವುದು ಹ ಆದ ಮೇಲೆ. ಎಸ್‌ಕ್ಯುಲೈಟ್ ತನ್ನಷ್ಟಕ್ಕೆ ಬಿಟ್ಟರೆ ಬೈಟ್ ಲೆಕ್ಕದಲ್ಲಿ ವಿಂಗಡಿಸುತ್ತದೆ. ಆಗ ಊರುಗಳ ಪಟ್ಟಿಯಲ್ಲಿ ಬಸವನ ಬಾಗೇವಾಡಿಗಿಂತ ಮುಂಚೆ ಬಳ್ಳಾರಿ ಬರುತ್ತದೆ. ನಿಘಂಟು ನೋಡಿ ಅಭ್ಯಾಸ ಇರುವ ಲೈಬ್ರರಿಯನ್ ತಕ್ಷಣ ಗುರುತಿಸುತ್ತಾರೆ. ಸಿ ಲೊಕೇಲ್‌ನಲ್ಲಿ (ಭಾಷೆ ನೋಡದೆ ಬೈಟ್ ಲೆಕ್ಕದಲ್ಲೇ ವಿಂಗಡಿಸುವ ಸೆಟ್ಟಿಂಗ್) ಮಾಡಿದ ಪೋಸ್ಟ್‌ಗ್ರೆಸ್‌ನಲ್ಲೂ ಇದೇ ಕಥೆ.

ಪೋಸ್ಟ್‌ಗ್ರೆಸ್‌ಗೆ ದಾರಿ ಇದೆ. 10ನೇ ಆವೃತ್ತಿಯಿಂದ ಐಸಿಯು (ಯೂನಿಕೋಡ್ ನಿಯಮಗಳ ಕೋಡ್ ಸಂಗ್ರಹ) ಕೊಲೇಶನ್‌ಗಳಿವೆ, ಅದರಲ್ಲಿ ಕನ್ನಡಕ್ಕೇ ಒಂದಿದೆ. ಜ್ಯಾಂಗೋ 3.2ರಿಂದ ಕಾಲಂಗೆ ಕೊಲೇಶನ್ ಹೆಸರು ಕೊಡಬಹುದು. ಎಸ್‌ಕ್ಯುಲೈಟ್‌ಗೆ ಪೈಥಾನ್‌ನಿಂದಲೇ ನಮ್ಮ ಹೋಲಿಕೆ ಫಂಕ್ಷನ್ ಬರೆದು ಕೊಲೇಶನ್ ಅಂತ ನೋಂದಾಯಿಸಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಎಷ್ಟೋ ಭಾಷೆಗೆ ಪ್ರತ್ಯೇಕ ಕೊಲೇಶನ್ ಇದೆ, ಕನ್ನಡಕ್ಕೆ ಇಲ್ಲ. ಸಾಮಾನ್ಯ ಯೂನಿಕೋಡ್ ಕೊಲೇಶನ್‌ನಲ್ಲೇ ಹೊಂದಿಕೊಳ್ಳಬೇಕು. ನಮ್ಮ ಕನ್ನಡದ ಕೆಲಸವನ್ನು ಚೆನ್ನಾಗಿ ಮಾಡಬೇಕು ಅಂದರೆ ನಾವು ಕೈ ಹಾಕಿ ಸರಿಮಾಡಬಹುದಾದ ಡೇಟಾಬೇಸ್‌ಗಳೇ ಇರಲಿ ಅನ್ನುವುದು ನನ್ನ ಆಸೆ.

ಹಳೆಯ ಮೈಎಸ್‌ಕ್ಯುಎಲ್ ಡೇಟಾ ಇರುವವರು ಇನ್ನೊಂದು ಗಮನಿಸಬೇಕು. 8ಕ್ಕೂ ಮೊದಲು ಅದರ ಡೀಫಾಲ್ಟ್ ಅಕ್ಷರ ಗುಂಪು ಲ್ಯಾಟಿನ್1 ಆಗಿತ್ತು, ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಯಾರಾದರೂ ಹಾಗೇ ಬಿಟ್ಟು ಟೇಬಲ್ ಮಾಡಿದ್ದರೆ ಕನ್ನಡ ಹೆಸರುಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳೇ ಉಳಿದಿರಬಹುದು. ಡೇಟಾ ಹೊರಗೆ ತೆಗೆಯುವ ಸಾಧನ ಇದನ್ನು ಮೊದಲೇ ಪತ್ತೆ ಮಾಡಿ ಹೇಳಬೇಕು. ಪೂರ್ತಿ ಯೂನಿಕೋಡ್ ಹಿಡಿಯುವ ಯುಟಿಎಫ್8ಎಂಬಿ4 ಅಕ್ಷರ ಗುಂಪಿಗೆ ಬದಲಿಸಿದಾಗ ಬರುವ 191 ಅಕ್ಷರಗಳ ಮಿತಿಯೂ ಇದೆ. ಹಳೆಯ ಇಂಡೆಕ್ಸ್‌ಗೆ 767 ಬೈಟ್ ಮಿತಿ, ಅಕ್ಷರಕ್ಕೆ ನಾಲ್ಕು ಬೈಟ್ ಹಿಡಿದರೆ 191ಕ್ಕೆ ನಿಲ್ಲುತ್ತದೆ.

ಮೇಂಟೇನರ್

ಅಕಾರಾದಿಯ ಮಾತು ಬಂದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಕನ್ನಡದ ಹೋಲಿಕೆ ಫಂಕ್ಷನ್‌ಗೆ ನೀವೇ ಟೆಸ್ಟ್‌ಗಳನ್ನು ಬರೆದುಕೊಡುತ್ತೀರಾ? ಒತ್ತಕ್ಷರ, ಅನುಸ್ವಾರ, ಳ ಎಲ್ಲ ಇರುವ ಶೀರ್ಷಿಕೆಗಳು ಬೇಕು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಟೈಪ್ ಮಾಡಿದ್ದು, ಎರಡು ಸಂಕೇತ ಸೇರಿಸಿ ಮಾಡಿದ್ದು ಎರಡೂ ಇರಲಿ. ಕಣ್ಣಿಗೆ ಒಂದೇ ಕಂಡರೂ ಹುಡುಕಿದಾಗ ಸಿಗದೆ ಹೋಗುವುದು ಇದರಿಂದಲೇ, ಹಾಗಾಗಿ ಸೇವ್ ಮಾಡುವ ಮುಂಚೆ ಒಂದೇ ರೂಪಕ್ಕೆ ತರೋಣ.

ಎಸ್‌ಕ್ಯುಎಲ್ ಸರ್ವರ್ ಕೇಳಿದವರಿಗೆ ನೇರ ಉತ್ತರ: ಮುಖ್ಯ ಕೋಡ್‌ಗೆ ಸೇರಿಸುವುದಿಲ್ಲ. ನಿಮ್ಮ ಕಾಲೇಜಿನವರು ಬೇರೆ ರೆಪಾಸಿಟರಿಯಲ್ಲಿ ಮಾಡಿ ನಡೆಸುವುದಾದರೆ ಬೇಡ ಅನ್ನುವುದಿಲ್ಲ. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಡ್ರುಪಾಲ್‌ನಲ್ಲಿ ಹೀಗೇ ಇದೆ: ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಲೈಟ್ ಮಾತ್ರ ಕೋರ್‌ನಲ್ಲಿ, ಎಸ್‌ಕ್ಯುಎಲ್ ಸರ್ವರ್ ಡ್ರೈವರ್ ಅನ್ನು ಸಮುದಾಯದವರು ಹೊರಗೆ ನೋಡಿಕೊಳ್ಳುತ್ತಾರೆ. ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇನೆ, ನೇರ ಎಸ್‌ಕ್ಯುಎಲ್ ಅನ್ನು ಕಡಿಮೆ ಮಾಡುತ್ತಾ ಬರುತ್ತೇವೆ, ನಿಮ್ಮ ದಾರಿಗೆ ಬೇಕೆಂದು ಅಡ್ಡ ಬರುವುದಿಲ್ಲ.

ಮೈಎಸ್‌ಕ್ಯುಎಲ್ ವಿಷಯದಲ್ಲಿ, ಮುಂದಿನ ರಿಲೀಸ್‌ನಲ್ಲಿ ಏನನ್ನೂ ತೆಗೆಯುವುದಿಲ್ಲ. ಅದರಲ್ಲಿ ವರ್ಗಾವಣೆ ಸಾಧನ ಬರುತ್ತದೆ, ಅಡ್ಮಿನ್ ಪುಟದಲ್ಲಿ ಎಚ್ಚರಿಕೆ ಬರುತ್ತದೆ. ಆ ಸಾಧನ ಕನಿಷ್ಠ ಕೆಲವು ಶಾಲೆಗಳಲ್ಲಿ ನಿಜವಾದ ಡೇಟಾ ಮೇಲೆ ನಡೆದ ಮೇಲೆಯೇ ಬೆಂಬಲ ತೆಗೆಯುವ ಮಾತು. ಅಲ್ಲಿಯವರೆಗೆ ಹಳೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿ ಕೊಡುತ್ತೇವೆ.

ಎರಡೂ_ಕಡೆ

ಈ ಕ್ರಮ ನನಗೆ ಒಪ್ಪಿಗೆ. ತೆಗೆಯುವ ಮುಂಚೆ ದಾರಿ ಮಾಡುವುದಾದರೆ ನನ್ನ ವಿರೋಧ ಇಲ್ಲ. ಪೋಸ್ಟ್‌ಗ್ರೆಸ್‌ಗೆ ಹೋಗುವವರಿಗೆ ಡೇಟಾ ಸಾಗಿಸುವ ಸಾಧನ ಪಿಜಿಲೋಡರ್ ಸಾಕಾಗುತ್ತದಾ?

ಡಿಬಿಎ_ಹುಬ್ಬಳ್ಳಿ

ದೊಡ್ಡ ಡೇಟಾ ಇದ್ದರೆ ಅದೇ ಸರಿ, ಗಿಟ್‌ಲ್ಯಾಬ್‌ನವರೂ ತಮ್ಮ ಬಳಕೆದಾರರಿಗೆ ಅದನ್ನೇ ಹೇಳಿದ್ದರು. ಮೈಎಸ್‌ಕ್ಯುಎಲ್‌ನ ಒಂದಂಕಿಯ ಟೈನಿಇಂಟ್ (ಸಣ್ಣ ಪೂರ್ಣಾಂಕ) ಅನ್ನು ಬೂಲಿಯನ್ (ಹೌದು ಅಥವಾ ಇಲ್ಲ) ಮಾಡುತ್ತದೆ, ಎಲ್ಲ ಸೊನ್ನೆ ಇರುವ ದಿನಾಂಕಗಳನ್ನು ನಲ್ ಮಾಡುತ್ತದೆ. ನಮ್ಮಲ್ಲಿ ಆ ಸೊನ್ನೆ ದಿನಾಂಕ ಇದ್ದರೆ ಸ್ವಲ್ಪ ನೋಡಬೇಕು. ವಾಪಸ್ ಬಂದ ದಿನಾಂಕದ ಕಾಲಂನಲ್ಲಿ ಅದು ನಲ್ ಆದರೆ ಎಂದೋ ವಾಪಸ್ ಬಂದ ಪುಸ್ತಕ ಇನ್ನೂ ಹೊರಗಿದೆ ಅಂತ ತೋರಿಸುತ್ತದೆ, ದಂಡದ ಲೆಕ್ಕವೂ ಶುರುವಾಗುತ್ತದೆ.

ಎಸ್‌ಕ್ಯುಲೈಟ್‌ಗೆ ಹೋಗುವವರಿಗೆ ಡೇಟಾ ಹೊರಗೆ ತೆಗೆಯುವ, ಒಳಗೆ ಹಾಕುವ ಜ್ಯಾಂಗೋದ ಆಜ್ಞೆಗಳಾದ ಡಂಪ್‌ಡೇಟಾ, ಲೋಡ್‌ಡೇಟಾ ಮೇಲೆಯೇ ಕಟ್ಟಬಹುದು. ಜ್ಯಾಂಗೋ ತಾನೇ ತುಂಬಿಕೊಳ್ಳುವ ಕಂಟೆಂಟ್‌ಟೈಪ್ ಟೇಬಲ್ ಬಿಟ್ಟು ತೆಗೆಯಬೇಕು, ಇಲ್ಲದಿದ್ದರೆ ಹೊಸ ಡೇಟಾಬೇಸ್‌ನಲ್ಲಿ ಇರುವುದಕ್ಕೂ ಇದಕ್ಕೂ ಡಿಕ್ಕಿ ಹೊಡೆಯುತ್ತದೆ. ಕೊನೆಗೆ ಪ್ರತಿ ಟೇಬಲ್‌ನ ಸಾಲುಗಳ ಎಣಿಕೆ ಎರಡೂ ಕಡೆ ತೋರಿಸಬೇಕು. ಎಣಿಕೆ ಹೊಂದದಿದ್ದರೆ ಹಳೆಯದನ್ನೇ ಬಳಸುತ್ತಿರಿ ಅಂತ ಹೇಳಿ ನಿಲ್ಲಬೇಕು.

ಶಾಲೆ_ಲೈಬ್ರರಿ

ನಮ್ಮ ಶಾಲೆಯ ಡೇಟಾ ಮೇಲೆ ಮೊದಲು ನೋಡುವುದಾದರೆ ನಾನು ತಯಾರಿದ್ದೇನೆ. ಮಕ್ಕಳ ಹೆಸರು ಹೊರಗೆ ಹೋಗಬಾರದು, ಅದಕ್ಕೆ ಏನು ಮಾಡಬೇಕು ಅಂತ ಹೇಳಿ. ದಸರಾ ರಜೆಯಲ್ಲಿ ಲೈಬ್ರರಿ ಮುಚ್ಚಿರುತ್ತದೆ, ಆಗ ಮಾಡಿದರೆ ಅನುಕೂಲ.

ಮೇಂಟೇನರ್

ದಸರಾ ರಜೆ ಸರಿ ಮೇಡಂ. ಡೇಟಾ ನಮಗೆ ಕಳಿಸುವುದು ಬೇಡವೇ ಬೇಡ. ಸಾಧನ ನಿಮ್ಮ ಹೋಸ್ಟಿಂಗ್ ಒಳಗೇ ಓಡುತ್ತದೆ, ನಮಗೆ ಬೇಕಾಗಿರುವುದು ಕೊನೆಯಲ್ಲಿ ಬರುವ ಎಣಿಕೆಯ ಪಟ್ಟಿ ಮಾತ್ರ. ಒತ್ತುವ ಮುಂಚೆ ಕಂಟ್ರೋಲ್ ಪ್ಯಾನೆಲ್‌ನಿಂದ ಮೈಎಸ್‌ಕ್ಯುಎಲ್‌ನ ಪೂರ್ತಿ ಬ್ಯಾಕಪ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಆ ಹೊತ್ತಿಗೆ ನಾನು ಫೋನ್‌ನಲ್ಲಿ ಇರುತ್ತೇನೆ.